ಎಳೆಯಬೇಡಿ, ತಳ್ಳಿ ಕೊಯ್ಯಿರಿ



ನೀವು ರಾಗಿ ಕೊಯ್ದಿದ್ದೀರಿ. ಭತ್ತ ಕೊಯ್ದಿದ್ದೀರಿ. ಎಡಗೈಯಲ್ಲಿ ಪೈರಿನ ಹಿಡಿ. ಬಲಗೈಯಲ್ಲಿ ಕುಡುಗೋಲು. ಕುಡುಗೋಲನ್ನು ನಮ್ಮ ಕಡೆಗೆ ಎಳೆಯುತ್ತೇವೆ. ಪೈರು ಕತ್ತರಿಸುತ್ತದೆ. ಚಿಕ್ಕಂದಿನಿಂದ ನಮ್ಮ ತೋಳಿಗೆ ಇದೇ ಅಭ್ಯಾಸ.

ಆದರೆ ಎಳೆದು ಕೊಯ್ಯಬಾರದ ಒಂದು ಯಂತ್ರ ಇದೆ. ಅದು ಮರ ಕೊಯ್ಯುವ ಯಂತ್ರ. ಅದರ ಪೂರ್ತಿ ಹೆಸರು ಸ್ಲೈಡಿಂಗ್ ಮೈಟರ್ ಸಾ. ನಮ್ಮ ಕಡೆ ಕಟಿಂಗ್ ಮಿಷನ್ ಅಂತಲೇ ಕರೀತಾರೆ. ಈ ಪಾಠದಲ್ಲಿ ಆ ಯಂತ್ರದ ವಿಷಯ ತಿಳಿಯೋಣ.

ನಮ್ಮ ಊರಿನ ಮಹಿಳಾ ಸಂಘದವರು ಒಂದು ಶೆಡ್ಡು ಬಾಡಿಗೆಗೆ ಹಿಡಿದಿದ್ದಾರೆ. ಅಲ್ಲಿ ದೇವರ ಪಟಕ್ಕೆ ಕಟ್ಟು ಹಾಕುತ್ತಾರೆ. ಊಟಕ್ಕೆ ಕೂರುವ ಮಣೆ ಮಾಡುತ್ತಾರೆ. ಸಾಲ ತೆಗೆದು ಈ ಯಂತ್ರ ತಂದರು. ತಂದರು ಸರಿ, ಮುಟ್ಟೋಕೆ ಎಲ್ಲರಿಗೂ ಭಯ. ಯಂತ್ರದ ಜೊತೆ ಬಂದ ಪುಸ್ತಕ ಇಂಗ್ಲಿಷಿನಲ್ಲಿತ್ತು.

"ಟೀಚರಮ್ಮ, ನೀವೇ ಯಾರನ್ನಾದ್ರೂ ಕರ್ಕೊಂಡು ಬನ್ನಿ" ಅಂದರು.

ನಾನು ನನ್ನ ಸೋದರಮಾವನನ್ನು ಕರೆದುಕೊಂಡು ಹೋದೆ. ಮಾವ ಬಡಗಿ. ಮೂವತ್ತು ವರ್ಷ ಮರದ ಕೆಲಸ ಮಾಡಿದವರು. ಬಂದವರೇ ಎಲ್ಲರ ಮುಂದೆ ಎಡಗೈ ಎತ್ತಿ ತೋರಿಸಿದರು. ಎರಡು ಬೆರಳು ಅರ್ಧಕ್ಕೆ ಇಲ್ಲ.

"ಇದು ಹೇಗೆ ಹೋಯ್ತು ಅಂತ ಮೊದಲು ಹೇಳ್ತೀನಿ. ಆಮೇಲೆ ಯಂತ್ರ ಕಲಿಸ್ತೀನಿ" ಅಂದರು.

ಮಾವನ ಕೈ

ಮಾವ ಒಂದು ಕಡೆ ಕೂಲಿಗೆ ಹೋಗುತ್ತಿದ್ದರು. ಅಲ್ಲೂ ಇಂಥದೇ ಯಂತ್ರ. ಅದರ ಬ್ಲೇಡಿಗೆ ಒಂದು ಮುಚ್ಚಳ ಇರುತ್ತದೆ. ಅದಕ್ಕೆ ಗಾರ್ಡು ಅಂತಾರೆ. ಬ್ಲೇಡು ಮೇಲಿರುವಾಗ ಗಾರ್ಡು ಹಲ್ಲನ್ನು ಮುಚ್ಚಿಕೊಂಡಿರುತ್ತದೆ. ಬ್ಲೇಡು ಕೆಳಗೆ ಇಳಿದಾಗ ತಾನೇ ಸರಿಯುತ್ತದೆ. ಮೇಲೆ ಬಂದರೆ ಮತ್ತೆ ಮುಚ್ಚಿಕೊಳ್ಳುತ್ತದೆ.

ಅಲ್ಲಿ ಆ ಗಾರ್ಡನ್ನು ತಂತಿಯಿಂದ ಮೇಲಕ್ಕೆ ಕಟ್ಟಿಬಿಟ್ಟಿದ್ದರು. ಗಾರ್ಡು ಇದ್ದರೆ ಗೆರೆ ಸರಿಯಾಗಿ ಕಾಣಲ್ಲ, ಕೆಲಸ ನಿಧಾನ ಅಂತ ಹೇಳುತ್ತಿದ್ದರು.

ಒಂದು ಸಂಜೆ ಅವಸರದ ಕೆಲಸ. ಮಾವ ಅಗಲದ ಹಲಗೆ ಕೊಯ್ಯುತ್ತಿದ್ದರು. ಬ್ಲೇಡನ್ನು ತಮ್ಮ ಕಡೆಗೆ ಎಳೆದು ಕೊಯ್ದರು. ಹಲಗೆಯಲ್ಲಿ ಒಂದು ಗಂಟು ಇತ್ತು. ಬ್ಲೇಡು ಗಂಟಿಗೆ ತಗುಲಿ ಮರದ ಮೇಲೆ ಹತ್ತಿತು. ಮುಂದಕ್ಕೆ ನುಗ್ಗಿತು. ಎಡಗೈ ಅಲ್ಲೇ ಹತ್ತಿರ ಇತ್ತು.

"ಕಣ್ಣು ಮಿಟುಕಿಸೋದ್ರೊಳಗೆ ಆಯ್ತು. ನೋವು ಆಮೇಲೆ ಗೊತ್ತಾಯ್ತು" ಅಂದರು ಮಾವ.

ಶೆಡ್ಡಿನಲ್ಲಿ ಯಾರೂ ಮಾತಾಡಲಿಲ್ಲ.

"ಹೆದರಿಸೋಕೆ ಹೇಳ್ತಿಲ್ಲ ತಾಯಿ. ನಾನು ಮೂರು ತಪ್ಪು ಮಾಡಿದೆ. ಗಾರ್ಡು ಕಟ್ಟಿದ್ದ ಯಂತ್ರ ಮುಟ್ಟಿದೆ. ಎಳೆದು ಕೊಯ್ದೆ. ಕೈ ಹತ್ತಿರ ಇಟ್ಟೆ. ಆ ಮೂರೂ ನೀವು ಮಾಡಬೇಡಿ. ಆಗ ಈ ಯಂತ್ರ ನಿಮಗೆ ಅನ್ನ ಕೊಡುತ್ತೆ."

ಬ್ಲೇಡಿನ ವೇಗ

ಈ ಯಂತ್ರದ ಬ್ಲೇಡು ತಟ್ಟೆಯ ಹಾಗೆ ದುಂಡಗೆ ಇರುತ್ತದೆ. ಸುತ್ತ ಹಲ್ಲುಗಳು. ಸಂಘದ ಯಂತ್ರದ ಬ್ಲೇಡು 10 ಅಂಗುಲದ್ದು. ಅದರ ಅಂಚನ್ನು ದಾರದಿಂದ ಸುತ್ತಿ ಅಳೆದರೆ ಸುಮಾರು 80 ಸೆಂಟಿಮೀಟರ್ ಆಗುತ್ತದೆ.

ಇಂಥ ಬ್ಲೇಡು ಒಂದು ನಿಮಿಷಕ್ಕೆ 4000 ಸುತ್ತು ಅಥವಾ ಅದಕ್ಕೂ ಹೆಚ್ಚು ತಿರುಗುತ್ತದೆ. ಈಗ ಲೆಕ್ಕ ಹಾಕೋಣ.

80 ಸೆಂಟಿಮೀಟರ್ × 4000 = 3,20,000 ಸೆಂಟಿಮೀಟರ್.

ಅಂದರೆ 3200 ಮೀಟರ್. ಮೂರು ಕಿಲೋಮೀಟರಿಗೂ ಹೆಚ್ಚು. ಅಷ್ಟು ದೂರ ನಡೆಯಲು ನಮಗೆ ಮುಕ್ಕಾಲು ಗಂಟೆ ಬೇಕು. ಬ್ಲೇಡಿನ ಹಲ್ಲು ಅಷ್ಟು ದೂರವನ್ನು ಒಂದೇ ನಿಮಿಷದಲ್ಲಿ ಓಡುತ್ತದೆ. ಹಾಗಿದ್ದ ಮೇಲೆ, ಬ್ಲೇಡು ಬಂದಾಗ ಕೈ ಎಳೆದುಕೊಳ್ತೀನಿ ಅನ್ನೋದು ಆಗದ ಮಾತು. ಕೈ ಮೊದಲೇ ದೂರ ಇರಬೇಕು.

ಎಷ್ಟು ದೂರ? ಒಂದು ಗೇಣು. ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿವರೆಗೆ. ಬ್ಲೇಡಿನ ಎಡಕ್ಕೆ ಒಂದು ಗೇಣು, ಬಲಕ್ಕೆ ಒಂದು ಗೇಣು. ಸಂಘದವರು ಯಂತ್ರದ ಮೇಜಿನ ಮೇಲೆ ಎರಡೂ ಕಡೆ ಕೆಂಪು ಬಣ್ಣದ ಗೆರೆ ಎಳೆದಿದ್ದಾರೆ. ಬ್ಲೇಡು ತಿರುಗುವಾಗ ಆ ಗೆರೆಯೊಳಗೆ ಯಾರ ಕೈಯೂ ಬರಬಾರದು.

ಬಳೆ, ಸೆರಗು, ತಾಳಿ

ಹಿಟ್ಟಿನ ಗಿರಣಿಯ ಬೆಲ್ಟಿಗೆ ಸೆರಗು ಸಿಕ್ಕಿದ ಕತೆ ಕೇಳಿದ್ದೀರಲ್ಲವೇ? ಇಲ್ಲೂ ಅದೇ ಅಪಾಯ. ತಿರುಗುವ ಯಂತ್ರದ ಹತ್ತಿರ ಜೋತಾಡುವ ಯಾವುದೂ ಇರಬಾರದು.

ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿ. ಅದರ ಮೇಲೆ ಏಪ್ರನ್ ಕಟ್ಟಿ. ಚೂಡಿದಾರದವರು ವೇಲು ತೆಗೆದಿಡಿ. ಜಡೆಯನ್ನು ಮೇಲಕ್ಕೆ ಕಟ್ಟಿ. ಉಂಗುರ, ವಾಚು, ಬಳೆ ತೆಗೆಯಿರಿ.

ಬಳೆ ಅಂದ ಕೂಡಲೇ ಒಬ್ಬ ಅಜ್ಜಿ ಎದ್ದು ನಿಂತರು. "ಮುತ್ತೈದೇರು ಬರಿಗೈಲಿ ಇರಬಾರದಪ್ಪ" ಅಂದರು. ಮಾವ ಏನು ಹೇಳಬೇಕು ಅಂತ ತಿಳಿಯದೆ ನನ್ನ ಮುಖ ನೋಡಿದರು. ಅಷ್ಟರಲ್ಲಿ ಅಜ್ಜಿಯ ಸೊಸೆಯೇ ಹೇಳಿದಳು. "ಅತ್ತೆ, ಕೈ ಇದ್ರೆ ತಾನೇ ಬಳೆ? ಕೆಲಸ ಮುಗಿದ ಮೇಲೆ ಹಾಕ್ಕೊಳ್ತೀನಿ." ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮಾವನ ಕೈ ನೋಡಿದರು. ಆಮೇಲೆ, "ತೆಗೆದ ಬಳೆ ನೆಲದ ಮೇಲೆ ಇಡಬೇಡಿ. ಒಂದು ಡಬ್ಬಿ ಇಡಿ" ಅಂದರು. ಈಗ ಶೆಡ್ಡಿನ ಬಾಗಿಲಲ್ಲಿ ಒಂದು ಡಬ್ಬಿ ಇದೆ. ಒಳಗೆ ಬರುವಾಗ ಬಳೆ ಅದರೊಳಗೆ. ಹೋಗುವಾಗ ಕೈಗೆ.

ತಾಳಿ ತೆಗೆಯಬೇಕಾಗಿಲ್ಲ. ರವಿಕೆಯ ಒಳಗೆ ಹಾಕಿಕೊಳ್ಳಿ. ಮೇಲೆ ಏಪ್ರನ್ ಇರಲಿ. ಹೊರಗೆ ಬರದಿದ್ದರೆ ಸಾಕು.

ಕೈಗವಸು ಹಾಕಿಕೊಂಡರೆ ಒಳ್ಳೆಯದಲ್ಲವೇ ಅಂತ ಒಬ್ಬರು ಕೇಳಿದರು. ಅಲ್ಲ. ಕೈಗವಸಿನ ತುದಿ ಹಲ್ಲಿಗೆ ಸಿಕ್ಕರೆ ಕೈಯನ್ನೂ ಒಳಗೆ ಎಳೆಯುತ್ತದೆ. ಬ್ಲೇಡು ತಿರುಗುವಾಗ ಕೈಗವಸು ಬೇಡ. ಬ್ಲೇಡು ಬದಲಿಸುವಾಗ ಮಾತ್ರ ಹಾಕಿಕೊಳ್ಳಿ.

ಕಣ್ಣಿಗೆ ಕೆಲಸದ ಕನ್ನಡಕ ಬೇಕು. ಓದುವ ಕನ್ನಡಕ ಸಾಲದು, ಪಕ್ಕದಿಂದ ಚೂರು ಬರುತ್ತದೆ. ಕಿವಿಗೆ ಇಯರ್ ಪ್ಲಗ್ ಬೇಕು. ದಿನವೂ ಈ ಸದ್ದು ಕೇಳಿದರೆ ಕಿವಿ ಮಂದವಾಗುತ್ತದೆ, ಹೋದ ಕಿವಿ ಮತ್ತೆ ಬರಲ್ಲ. ಮೂಗು ಬಾಯಿಗೆ ಮಾಸ್ಕು ಬೇಕು. ಮರದ ಧೂಳು ಕ್ಯಾನ್ಸರ್ ತರಬಲ್ಲದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಹೇಳಿದೆ. ಆದ್ದರಿಂದ ಯಂತ್ರದ ಧೂಳಿನ ಚೀಲ ತೆಗೆಯಬೇಡಿ. ತುಂಬಿದಾಗ ಖಾಲಿ ಮಾಡಿ. ಕಾಲಿಗೆ ಚಪ್ಪಲಿ ಅಲ್ಲ, ಮುಚ್ಚಿದ ಬೂಟು ಹಾಕಿ.

ಪ್ಲಗ್ ಹಾಕುವ ಮೊದಲು

ಪ್ಲಗ್ ಹಾಕುವ ಮೊದಲೇ ಅರ್ಧ ಕೆಲಸ ಇದೆ.

ಗಾರ್ಡು ನೋಡಿ. ಬ್ಲೇಡನ್ನು ಕೈಯಿಂದ ಇಳಿಸಿ, ಎತ್ತಿ. ಎತ್ತಿದಾಗ ಗಾರ್ಡು ತಾನಾಗಿಯೇ ಮುಚ್ಚಬೇಕು. ಮುಚ್ಚದಿದ್ದರೆ ಆ ದಿನ ಯಂತ್ರ ಬಂದ್. ರಿಪೇರಿ ಮಾಡಿಸಿ. ಗಾರ್ಡನ್ನು ತಂತಿ, ದಾರ ಯಾವುದರಿಂದಲೂ ಕಟ್ಟಬೇಡಿ. ಮುಚ್ಚಳ ತೆಗೆದು ಮಿಕ್ಸಿ ಓಡಿಸಿ, ಅದರೊಳಗೆ ಕೈ ಹಾಕ್ತೀವಾ? ಇದೂ ಹಾಗೇ.

ಬ್ಲೇಡು ನೋಡಿ. ಹಲ್ಲು ಮುರಿದಿದ್ದರೆ, ಸೀಳಿದ್ದರೆ ಬೇಡ. ಬ್ಲೇಡಿನ ಮೇಲೆ ಒಂದು ಬಾಣದ ಗುರುತು ಇರುತ್ತದೆ. ಯಂತ್ರದ ಮೇಲೂ ಒಂದು ಬಾಣ ಇರುತ್ತದೆ. ಎರಡೂ ಒಂದೇ ಕಡೆಗೆ ತೋರಿಸಬೇಕು.

ಅಂಕಿ ಓದಿ. ಬ್ಲೇಡಿನ ಮೇಲೆ ಮೂರು ಇಂಗ್ಲಿಷ್ ಅಕ್ಷರ ಇರುತ್ತದೆ. ಆರ್ ಪಿ ಎಂ ಅಂತ ಓದಬೇಕು. ಪಕ್ಕದ ಅಂಕಿ ಎಂದರೆ, ಆ ಬ್ಲೇಡು ನಿಮಿಷಕ್ಕೆ ಎಷ್ಟು ಸುತ್ತು ತಡೆಯಬಲ್ಲದು ಅಂತ. ಯಂತ್ರದ ಮೇಲೂ ಇಂಥ ಅಂಕಿ ಇದೆ. ಅದು ಯಂತ್ರ ಎಷ್ಟು ಸುತ್ತು ತಿರುಗಿಸುತ್ತದೆ ಅಂತ. ಬ್ಲೇಡಿನ ಅಂಕಿ ಯಂತ್ರದ ಅಂಕಿಗಿಂತ ದೊಡ್ಡದಿರಬೇಕು. ಯಂತ್ರದಲ್ಲಿ 4500, ಬ್ಲೇಡಿನಲ್ಲಿ 7000 ಇದ್ದರೆ ಸರಿ. ಬ್ಲೇಡಿನಲ್ಲಿ 3800 ಇದ್ದರೆ ಅಂಗಡಿಗೆ ವಾಪಸ್ ಕೊಡಿ. ಅಂಕಿ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಮರ ನೋಡಿ. ಹಳೆ ಬಾಗಿಲ ಮರದಲ್ಲಿ ಮೊಳೆ ಇರಬಹುದು. ಕಿತ್ತು ಹಾಕಿ. ಹಲಗೆ ಬಾಗಿದ್ದರೆ ಉಬ್ಬಿದ ಕಡೆಯನ್ನು ಮೇಜಿನ ಹಿಂದಿನ ಪಟ್ಟಿಗೆ ತಾಗಿಸಿ. ಪಟ್ಟಿಗೂ ಮರಕ್ಕೂ ನಡುವೆ ಸಂದು ಇದ್ದರೆ, ಕೊಯ್ಯುವಾಗ ಮರ ಬ್ಲೇಡನ್ನು ಹಿಡಿದುಕೊಳ್ಳುತ್ತದೆ. ಉದ್ದದ ಹಲಗೆಯ ತುದಿಗೆ ಮೇಜಿನಷ್ಟೇ ಎತ್ತರದ ಆಸರೆ ಕೊಡಿ.

ವೈರು ನೋಡಿ. ಮೂರು ಪಿನ್ನಿನ ಪ್ಲಗ್ ಇರಬೇಕು. ವೈರಿನ ಮೇಲೆ ಸಿಪ್ಪೆ ಸುಲಿದಿರಬಾರದು. ಒದ್ದೆ ಕೈಯಲ್ಲಿ ಮುಟ್ಟಬಾರದು.

ಕೊಯ್ಯುವ ಕ್ರಮ

ಮಣೆಯ ಹಲಗೆ ಅಗಲವಾಗಿರುತ್ತದೆ. ಈ ಯಂತ್ರ ಸುಮಾರು ಒಂದು ಅಡಿ ಅಗಲದ ಹಲಗೆಯನ್ನೂ ಕೊಯ್ಯಬಲ್ಲದು. ಅದರ ಬ್ಲೇಡು ಕಂಬಿಯ ಮೇಲೆ ಹಿಂದೆ ಮುಂದೆ ಜಾರುತ್ತದೆ. ಅದಕ್ಕೇ ಸ್ಲೈಡಿಂಗ್ ಅನ್ನೋ ಹೆಸರು. ಮಾವ ಕಲಿಸಿದ ಕ್ರಮ ಇದು.

1. ಹಲಗೆಯನ್ನು ಮೇಜಿಗೂ ಹಿಂದಿನ ಪಟ್ಟಿಗೂ ಒತ್ತಿ ಇಡಿ. ಕ್ಲ್ಯಾಂಪಿನಿಂದ ಬಿಗಿ ಮಾಡಿ.

2. ಪ್ಲಗ್ ಹಾಕುವ ಮೊದಲು ಒಂದು ಸಲ ಬ್ಲೇಡನ್ನು ಸುಮ್ಮನೆ ಜಾರಿಸಿ ನೋಡಿ. ಕ್ಲ್ಯಾಂಪಿಗೆ, ಪಟ್ಟಿಗೆ ತಗುಲಬಾರದು.

3. ಪ್ಲಗ್ ಹಾಕಿ. ಬ್ಲೇಡಿನ ನೇರಕ್ಕೆ ನಿಲ್ಲಬೇಡಿ. ಸ್ವಲ್ಪ ಪಕ್ಕಕ್ಕೆ ನಿಲ್ಲಿ.

4. ಸ್ವಿಚ್ ಒತ್ತದೆ, ಬ್ಲೇಡನ್ನು ಮೇಲೆತ್ತಿಯೇ ನಿಮ್ಮ ಕಡೆಗೆ ತನ್ನಿ. ಹಲಗೆಯ ಈಚೆ ಅಂಚಿನ ತನಕ ತನ್ನಿ.

5. ಈಗ ಸ್ವಿಚ್ ಒತ್ತಿ. ಬ್ಲೇಡು ಪೂರ್ತಿ ವೇಗಕ್ಕೆ ಬರುವ ತನಕ ಕಾಯಿರಿ.

6. ನಿಧಾನವಾಗಿ ಕೆಳಗೆ ಇಳಿಸಿ.

7. ನಿಮ್ಮಿಂದ ದೂರಕ್ಕೆ, ಹಿಂದಿನ ಪಟ್ಟಿಯ ಕಡೆಗೆ ತಳ್ಳಿ. ಒತ್ತಾಯ ಬೇಡ. ಮರ ಕೊಯ್ಯುವಷ್ಟೇ ತಳ್ಳಿ.

8. ಕೊಯ್ದಾಯಿತೇ? ಸ್ವಿಚ್ ಬಿಡಿ. ಬ್ಲೇಡನ್ನು ಕೆಳಗೇ ಹಿಡಿದಿರಿ. ಅದು ಪೂರ್ತಿ ನಿಲ್ಲಲಿ.

9. ನಿಂತ ಮೇಲೆ ಎತ್ತಿ. ಆಮೇಲೆ ಮರ ತೆಗೆಯಿರಿ.

ಎಂಟನೇ ಮಾತನ್ನು ಮಾವ ಮೂರು ಸಲ ಹೇಳಿದರು. ಮಿಕ್ಸಿ ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ತಿರುಗುತ್ತದೆ. ಇದೂ ತಿರುಗುತ್ತದೆ. ಸದ್ದು ಕಡಿಮೆಯಾಯಿತು ಅಂತ ಕೈ ಹಾಕಬೇಡಿ. ಹಲ್ಲು ಒಂದೊಂದಾಗಿ ಕಣ್ಣಿಗೆ ಕಂಡು, ಅಲುಗಾಡದೆ ನಿಂತರೆ ಮಾತ್ರ ನಿಂತ ಹಾಗೆ.

ಪಟದ ಕಟ್ಟಿನಂಥ ಸಣ್ಣ ಅಗಲದ ಪಟ್ಟಿಗೆ ಜಾರಿಸುವುದು ಬೇಡ. ಜಾರುವ ಕಂಬಿಯನ್ನು ಹಿಂದಕ್ಕೆ ತಳ್ಳಿ ಲಾಕ್ ಮಾಡಿ. ನೇರ ಕೆಳಗೆ ಇಳಿಸಿ ಕೊಯ್ಯಿರಿ.

ಯಾಕೆ ಎಳೆಯಬಾರದು?

ಬೈಕಿನ ಹಿಂದಿನ ಚಕ್ರ ನೆನಪಿಸಿಕೊಳ್ಳಿ. ಚಕ್ರದ ಕೆಳಭಾಗ ನೆಲವನ್ನು ಹಿಂದಕ್ಕೆ ತಳ್ಳುತ್ತದೆ. ಬೈಕು ಮುಂದಕ್ಕೆ ಓಡುತ್ತದೆ.

ಈ ಬ್ಲೇಡೂ ಒಂದು ಚಕ್ರವೇ. ಅದರ ಕೆಳಗಿನ ಹಲ್ಲು ಮರವನ್ನು ಹಿಂದಿನ ಪಟ್ಟಿಯ ಕಡೆಗೆ ತಳ್ಳುತ್ತದೆ. ಆಗ ಬ್ಲೇಡು ಯಾವ ಕಡೆಗೆ ಓಡಲು ನೋಡುತ್ತದೆ? ನಮ್ಮ ಕಡೆಗೆ.

ನಾವು ತಳ್ಳಿದರೆ ನಮ್ಮ ಬಲ ಅದನ್ನು ತಡೆಯುತ್ತದೆ. ಬ್ಲೇಡು ನಮ್ಮ ಹಿಡಿತದಲ್ಲಿ ಇರುತ್ತದೆ. ನಾವು ಎಳೆದರೆ ಅದರ ಓಟಕ್ಕೆ ನಮ್ಮ ಬಲವೂ ಸೇರುತ್ತದೆ. ಬ್ಲೇಡು ಮರದ ಮೇಲೆ ಹತ್ತಿ ನಮ್ಮ ಮೈ ಮೇಲೆ ಬರುತ್ತದೆ. ಮಾವನಿಗೆ ಆದದ್ದು ಇದೇ.

ಕುಡುಗೋಲು ತಾನಾಗಿ ಓಡುವುದಿಲ್ಲ. ನಾವು ಎಳೆದರೆ ಬರುತ್ತದೆ, ಬಿಟ್ಟರೆ ನಿಲ್ಲುತ್ತದೆ. ಈ ಬ್ಲೇಡಿಗೆ ತನ್ನದೇ ಓಟ ಇದೆ. ಅದಕ್ಕೇ ತೋಳಿನ ಹಳೇ ಅಭ್ಯಾಸ ಇಲ್ಲಿ ಬಿಡಬೇಕು. ಸಂಘದವರು ಮೊದಲ ಎರಡು ದಿನ ಪ್ಲಗ್ ಹಾಕದೆ ಬರೀ ತಳ್ಳುವುದನ್ನೇ ಅಭ್ಯಾಸ ಮಾಡಿದರು. ಎಳೆಯುವಾಗ ಬ್ಲೇಡು ಮೇಲೆ, ತಳ್ಳುವಾಗ ಬ್ಲೇಡು ಕೆಳಗೆ. ಹಾಡು ಹೇಳಿದ ಹಾಗೆ ಹೇಳಿಕೊಂಡು ಮಾಡಿದರು.

ಸಣ್ಣ ತುಂಡು, ದುಂಡು ಮರ

ಸಣ್ಣ ತುಂಡನ್ನು ಕೈಯಲ್ಲಿ ಹಿಡಿದು ಕೊಯ್ಯಬೇಡಿ. ಗೇಣಿನ ದೂರಕ್ಕೆ ಕೈ ಇಡೋಕೆ ಆಗದಿದ್ದರೆ ಆ ತುಂಡು ಕೈಗೆ ಸಲ್ಲದು. ಕ್ಲ್ಯಾಂಪಿಗೆ ಕೊಡಿ. ಕ್ಲ್ಯಾಂಪಿಗೂ ಸಿಗದಷ್ಟು ಸಣ್ಣದಾದರೆ ಕೈಗರಗಸದಿಂದ ಕೊಯ್ಯಿರಿ.

ದುಂಡು ಮರ ಉರುಳುತ್ತದೆ. ಅದನ್ನೂ ಬಿಗಿ ಮಾಡದೆ ಕೊಯ್ಯಬೇಡಿ. ಎಡಗೈಯನ್ನು ಬ್ಲೇಡಿನ ಮುಂದೆ ದಾಟಿಸಿ ಬಲಗಡೆಯ ಮರ ಹಿಡಿಯಬೇಡಿ. ಕತ್ತರಿಸಿ ಬೀಳುವ ತುಂಡನ್ನು ಹಿಡಿಯಲು ಹೋಗಬೇಡಿ. ಬೀಳಲಿ ಬಿಡಿ. ಮೇಜಿನ ಮೇಲಿನ ಚೂರನ್ನು ಕೈಯಿಂದ ಸರಿಸಬೇಡಿ. ಪ್ಲಗ್ ಕಿತ್ತು, ಪೊರಕೆಯಿಂದ ಗುಡಿಸಿ.

ಪಟದ ನಾಲ್ಕು ಮೂಲೆ

ದೇವರ ಪಟಕ್ಕೆ ನಾಲ್ಕು ಮೂಲೆ. ಒಂದೊಂದು ಮೂಲೆ 90 ಡಿಗ್ರಿ. ಒಂದು ಮೂಲೆಯಲ್ಲಿ ಎರಡು ಪಟ್ಟಿ ಸೇರುತ್ತವೆ. 90ರಲ್ಲಿ ಅರ್ಧ ಎಷ್ಟು? 45. ಆದ್ದರಿಂದ ಪ್ರತಿ ಪಟ್ಟಿಯ ತುದಿಯನ್ನು 45 ಡಿಗ್ರಿಗೆ ಓರೆಯಾಗಿ ಕೊಯ್ಯಬೇಕು.

ಯಂತ್ರದ ಮೇಜಿನ ಮುಂದೆ ಅಂಕಿಗಳ ಗೆರೆ ಇದೆ. ನಡುವೆ 0. ಎರಡು ಕಡೆಗೂ 15, 30, 45. ಮುಳ್ಳನ್ನು 45ಕ್ಕೆ ತನ್ನಿ. ತಿರುಪು ಬಿಗಿ ಮಾಡಿ. ಈ ಕೆಲಸವನ್ನೂ ಬ್ಲೇಡು ನಿಂತಾಗಲೇ ಮಾಡಿ. ಓರೆ ಮಾಡಿದ ಮೇಲೆ ಬ್ಲೇಡಿನ ದಾರಿ ಬದಲಾಗುತ್ತದೆ. ನೇರ ಕೊಯ್ಯುವಾಗ ದೂರ ಇದ್ದ ಕೈ ಈಗ ಹತ್ತಿರ ಆಗಿರಬಹುದು. ಮತ್ತೆ ಗೇಣು ಅಳೆಯಿರಿ.

ಕರೆಂಟು ಹೋದರೆ

ನಮ್ಮೂರಲ್ಲಿ ಕರೆಂಟು ಹೇಳಿ ಕೇಳಿ ಹೋಗಲ್ಲ. ಕೊಯ್ಯುತ್ತಿರುವಾಗಲೇ ಹೋಗುತ್ತದೆ. ಆಗ ಸ್ವಿಚ್ ಬಿಡಿ. ಬ್ಲೇಡು ನಿಲ್ಲಲಿ. ಪ್ಲಗ್ ಕೀಳಿ. ಪ್ಲಗ್ ಕೀಳದೆ ಸಿಕ್ಕಿಕೊಂಡ ಮರ ಬಿಡಿಸಲು ಹೋದರೆ, ಅಷ್ಟರಲ್ಲಿ ಕರೆಂಟು ಬಂದರೆ, ಸ್ವಿಚ್ಚಿಗೆ ಕೈ ತಗುಲಿದರೆ ಏನಾಗುತ್ತದೆ ಯೋಚಿಸಿ.

ಬ್ಲೇಡು ಬದಲಿಸುವಾಗ, ಮರ ಸಿಕ್ಕಿಕೊಂಡಾಗ, ಊಟಕ್ಕೆ ಹೋಗುವಾಗ, ಎಲ್ಲದಕ್ಕೂ ಇದೇ ಮಾತು. ಮೊದಲು ಪ್ಲಗ್ ಕೀಳಿ. ಮಕ್ಕಳನ್ನು ಶೆಡ್ಡಿನೊಳಗೆ ಬಿಡಬೇಡಿ. ನಿದ್ದೆ ಇಲ್ಲದ ದಿನ, ಜ್ವರದ ದಿನ, ಮನಸ್ಸು ಸರಿಯಿಲ್ಲದ ದಿನ ಯಂತ್ರ ಮುಟ್ಟಬೇಡಿ. ಆ ದಿನ ಅಂಟು ಹಾಕುವ, ಬಣ್ಣ ಹಚ್ಚುವ ಕೆಲಸ ಮಾಡಿ.

ಗಾಯ ಆದರೆ

ಮೊದಲು ಯಂತ್ರದ ಪ್ಲಗ್ ಕೀಳಿ. ಗಾಯದ ಮೇಲೆ ಶುದ್ಧ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಕೈ ಎತ್ತಿ ಹಿಡಿಯಿರಿ. 108ಕ್ಕೆ ಫೋನ್ ಮಾಡಿ. ಅರಿಶಿನ, ಕಾಫಿ ಪುಡಿ ಹಾಕಬೇಡಿ.

ಬೆರಳು ತುಂಡಾದರೆ ಅದನ್ನು ಬಿಸಾಡಬೇಡಿ. ಶುದ್ಧವಾದ ಬಟ್ಟೆಯನ್ನು ನೀರಲ್ಲಿ ಅದ್ದಿ ಹಿಂಡಿ, ಅದರಲ್ಲಿ ಸುತ್ತಿ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಟ್ಟಿ. ಆ ಚೀಲವನ್ನು ಐಸಿನ ಮೇಲೆ ಇಡಿ. ಬೆರಳಿಗೆ ಐಸು ನೇರವಾಗಿ ತಾಗಬಾರದು. ರೋಗಿಯ ಜೊತೆಗೇ ಆಸ್ಪತ್ರೆಗೆ ಒಯ್ಯಿರಿ. ಬೇಗ ಹೋದರೆ ಕೆಲವು ಸಲ ಮತ್ತೆ ಜೋಡಿಸಬಹುದು. ಮಾವನಿಗೆ ಗಾಯವಾದ ದಿನ ಇದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇನ್ನೊಂದು ಮಾತು. ಆಗ ಮಾವನಿಗೆ ಓದು ಬರುತ್ತಿರಲಿಲ್ಲ. ಆಸ್ಪತ್ರೆಗೆ ಯಾರೋ ಒಂದು ಕಾಗದ ತಂದರು. ಎಡಗೈಗೆ ಬ್ಯಾಂಡೇಜು. ಮಾವ ಬಲಗೈ ಹೆಬ್ಬೆಟ್ಟು ಒತ್ತಿದರು. ಅದರಲ್ಲಿ, ತಪ್ಪು ನನ್ನದೇ, ಪರಿಹಾರ ಬೇಡ ಅಂತ ಬರೆದಿತ್ತು. ಮನೆಗೆ ಬಂದ ಮೇಲೆ ನಾನು ಓದಿ ಹೇಳಿದಾಗಲೇ ಅವರಿಗೆ ತಿಳಿದದ್ದು.

ಕೂಲಿ ಕೆಲಸದಲ್ಲಿ ಗಾಯವಾದರೆ ಪರಿಹಾರ ಕೇಳುವ ಹಕ್ಕು ಕಾನೂನಿನಲ್ಲಿ ಇದೆ. ಗಾಯವಾದ ದಿನ, ಹೊತ್ತು, ಜಾಗ, ನೋಡಿದವರ ಹೆಸರು ಬರೆದಿಡಿ. ಆಸ್ಪತ್ರೆಯ ಚೀಟಿ ಜೋಪಾನ ಮಾಡಿ. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಗಾರ್ಡು ಕಟ್ಟಿದ ಯಂತ್ರ ಕೊಟ್ಟರೆ, "ಇದರಲ್ಲಿ ಮಾಡಲ್ಲ, ಸರಿ ಮಾಡಿಸಿ ಕೊಡಿ" ಅಂತ ಹೇಳಿ. ಒಬ್ಬರೇ ಹೇಳಲು ಕಷ್ಟ. ನಾಲ್ಕು ಜನ ಸೇರಿ ಹೇಳಿ.

ಈಗ ಸಂಘದ ಅಕ್ಕಂದಿರು ವಾರಕ್ಕೆ ಹತ್ತು ಹದಿನೈದು ಪಟಕ್ಕೆ ಕಟ್ಟು ಹಾಕುತ್ತಾರೆ. ಮೊದಲ ಮಣೆಯನ್ನು ಆ ಅಜ್ಜಿಯ ಸೊಸೆ ಕೊಯ್ದಳು. ತಳ್ಳಿಯೇ ಕೊಯ್ದಳು. ಆ ಮಣೆಯನ್ನು ಮಾವನಿಗೆ ಕೊಟ್ಟರು. ಮಾವ ಅದರ ಮೇಲೆ ಕೂತು ಊಟ ಮಾಡುತ್ತಾರೆ.

ನೆನಪಿಡಿ

ಕೈ ಒಂದು ಗೇಣು ದೂರ.
ಗಾರ್ಡು ಕಟ್ಟಬೇಡಿ.
ಎಳೆಯುವಾಗ ಬ್ಲೇಡು ಮೇಲೆ. ತಳ್ಳುವಾಗ ಬ್ಲೇಡು ಕೆಳಗೆ.
ಬ್ಲೇಡು ನಿಂತ ಮೇಲೆ ಎತ್ತಿ.
ಮುಟ್ಟುವ ಮೊದಲು ಪ್ಲಗ್ ಕೀಳಿ.

ಉತ್ತರ ಬರೆಯಿರಿ

1. ಬ್ಲೇಡಿನಿಂದ ಕೈ ಎಷ್ಟು ದೂರ ಇರಬೇಕು?
2. ಯಂತ್ರದ ಮೇಲೆ 4500 ಇದೆ. ಬ್ಲೇಡಿನ ಮೇಲೆ 4000 ಇದೆ. ಈ ಬ್ಲೇಡು ಹಾಕಬಹುದೇ?
3. ಎಳೆದು ಕೊಯ್ದರೆ ಏನಾಗುತ್ತದೆ?
4. ಕರೆಂಟು ಹೋದರೆ ಏನು ಮಾಡಬೇಕು?

ಮಾತಾಡಿ

ನಿಮ್ಮ ಮನೆಯಲ್ಲಿ, ಹೊಲದಲ್ಲಿ, ಕೆಲಸದ ಜಾಗದಲ್ಲಿ ತಿರುಗುವ ಯಂತ್ರ ಯಾವುದು ಇದೆ? ಅದರ ಮುಚ್ಚಳ ಅದರ ಜಾಗದಲ್ಲಿ ಇದೆಯೇ? ಇವತ್ತು ಮನೆಗೆ ಹೋದ ಮೇಲೆ ನೋಡಿ. ನಾಳೆ ಕೇಂದ್ರಕ್ಕೆ ಬಂದು ಹೇಳಿ.